ಉತಾರದಲ್ಲಿ ಯಾರ ಹೆಸರು?

ಖಾನಾಪುರದಿಂದ ನಂದಗಡದ ಮಾರ್ಗವಾಗಿ ಹಲಸಿಗೆ ಹೋಗುವವರು, ಗದ್ದೆಗಳನ್ನೂ ಕಾಡಿನ ಅಂಚನ್ನೂ ದಾಟಿ ಊರೊಳಕ್ಕೆ ಕಾಲಿಟ್ಟು, ಎದುರುಬದುರಾಗಿ ಎರಡು ಗರ್ಭಗೃಹಗಳುಳ್ಳ ಭೂವರಾಹ ನರಸಿಂಹ ದೇವಾಲಯವನ್ನು ಕಂಡು ಬೆರಗಾಗಿ ಅಲ್ಲಿಯೇ ನಿಂತುಬಿಡುವರು. ಊರಾಚೆಯ ಚಕ್ರತೀರ್ಥವೆಂಬ ಚಿಕ್ಕ ಬಾವಿಯನ್ನು ವಿಚಾರಿಸುವವರು ವಿರಳ. ಆ ಬಾವಿಯ ಸಮೀಪದ ಮಣ್ಣಿನ ದಿಬ್ಬದಲ್ಲಿ ದೊರೆತು, 1877ರ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಶಾಸನತಜ್ಞ ಫ್ಲೀಟರಿಂದ ಪ್ರಕಟವಾದ ತಾಮ್ರಶಾಸನಗಳೇ, ಇಂದಿನ ಹಲಸಿಯು ಅಂದಿನ ಪಲಾಶಿಕೆಯೆಂದೂ ಬನವಾಸಿಯ ಕದಂಬರಿಗೆ ಇದು ಎರಡನೆಯ ರಾಜಧಾನಿಯಂತಿದ್ದಿತೆಂದೂ ನಮಗೆ ತಿಳಿಸಿಕೊಟ್ಟವು. ಅವುಗಳಲ್ಲೊಂದು ಮೃಗೇಶವರ್ಮನದು. ತನ್ನ ತಂದೆಯ ಸ್ಮರಣೆಗಾಗಿ ಪಲಾಶಿಕೆಯಲ್ಲಿ ಜಿನಾಲಯವೊಂದನ್ನು ಕಟ್ಟಿಸಿದ ಈ ಅರಸನು, 33 ನಿವರ್ತನ ಭೂಮಿಯನ್ನು ಯಾಪನೀಯರು, ನಿರ್ಗ್ರಂಥರು, ಕೂರ್ಚಕರು ಎಂಬ ಮೂರು ಪಂಗಡಗಳಿಗೆ ಕೂಡಿಯೇ ದಾನಮಾಡಿದನೆಂದು ಅದರಲ್ಲಿ ಹೇಳಿದೆ.

ಒಂದು ಹೊಲ, ಅನುಭೋಗಿಸುವವರು ಮೂವರು. ಈ ಮಾತು ನನಗೆ ಮೊನ್ನೆ ನೆನಪಾದುದು ಶಾಸನ ಓದುವಾಗಲ್ಲ, ಮೊಬೈಲ್ ಫೋನು ಹಿಡಿದಿದ್ದಾಗ.

ಬೆಳಗಾವಿಯ ನಾವು ಐವರು ಮಿತ್ರರು ಒಂದು ಭಾನುವಾರ ಹಲಸಿಗೆ ಹೋಗಿ, ದೇಗುಲದ ಕಂಬ, ಶಿಖರ, ಶಾಸನಗಳನ್ನೆಲ್ಲ ಮನಸೋಕ್ತ ಚಿತ್ರಿಸಿಕೊಂಡು ಮರಳಿದೆವು. ಎಲ್ಲರ ಚಿತ್ರಗಳೂ ಒಂದೆಡೆ ಇರಲೆಂದು, ನಮ್ಮಲ್ಲಿ ಹಿರಿಯರಾದ ನಿವೃತ್ತ ಅಧ್ಯಾಪಕರು ದುಡ್ಡು ಕೊಟ್ಟು ವಿಸ್ತರಿಸಿಕೊಂಡಿದ್ದ ತಮ್ಮ ಕ್ಲೌಡ್ ಖಾತೆಯಲ್ಲಿ ಫೋಲ್ಡರೊಂದನ್ನು ತೆರೆದು ನಮಗೆಲ್ಲ ಲಿಂಕ್ ಕಳಿಸಿದರು. ಸಾಯಂಕಾಲದ ಹೊತ್ತಿಗೆ ಗುಂಪಿನ ಕಿರಿಯನಿಂದ ದೂರವಾಣಿ ಬಂದಿತು: “ಸರ್, ನಿಮ್ಮ ಫೋಲ್ಡರಿನ್ಯಾಗ ಜಾಗಾನ ಇಲ್ಲಂತ್ರೀ, ಸ್ಟೋರೇಜ್ ಫುಲ್ ಅಂತ ತೋರಸ್ತದ.” ಅಧ್ಯಾಪಕರಿಗೆ ಆಶ್ಚರ್ಯ. “ನನ್ನ ಕಡೆ ಇನ್ನೂ ಎಂಬತ್ತು ಜಿಬಿ ಐತಲ್ಲೋ ತಮ್ಮಾ!” ಇಬ್ಬರೂ ನುಡಿದುದು ಸತ್ಯವೇ. ತುಂಬಿದ್ದುದು ಫೋಲ್ಡರಲ್ಲ, ಅಕ್ಕನ ಮದುವೆಯ ವೀಡಿಯೋಗಳಿಂದ ಮೊದಲೇ ಬಿರಿಯುತ್ತಿದ್ದ ಆ ಹುಡುಗನ ಸ್ವಂತ ಖಾತೆ.

ಇದನ್ನರಿಯಬೇಕಾದರೆ, ಫೋಲ್ಡರ್ ಎಂಬುದನ್ನು ಪೆಟ್ಟಿಗೆಯೆಂದು ಭಾವಿಸುವ ಅಭ್ಯಾಸವನ್ನು ಮೊದಲು ಬಿಡಬೇಕು. ನಾವು ಏರಿಸಿದ ಒಂದು ಚಿತ್ರವು ದೂರದ ದತ್ತಾಂಶ ಕೇಂದ್ರವನ್ನು ಸೇರಿದಾಗ ಅದು ಇಡಿಯಾಗಿ ಒಂದೆಡೆ ಕುಳಿತುಕೊಳ್ಳುವುದಿಲ್ಲ. ಅದನ್ನು ತುಂಡುಗಳಾಗಿ ಕತ್ತರಿಸುವುದುಂಟು (ಡ್ರಾಪ್‌ಬಾಕ್ಸಿನ ಕ್ರಮದಲ್ಲಿ ಒಂದು ತುಂಡಿನ ಗರಿಷ್ಠ ಗಾತ್ರ 4 ಎಂಬಿ), ಮತ್ತು ಪ್ರತಿ ತುಂಡಿಗೂ ಅದರ ಒಳಗಿನ ಅಂಕೆಗಳಿಂದಲೇ ಗಣಿಸಿ ತೆಗೆದ 256 ಬಿಟ್ಟುಗಳ ಮುದ್ರೆಯೊಂದನ್ನು ಒತ್ತುವುದುಂಟು. ತುಂಡಿನಲ್ಲಿ ಒಂದೇ ಒಂದು ಬಿಟ್ಟು ಬದಲಾದರೂ ಮುದ್ರೆಯು ಪೂರ್ತಿ ಬೇರೆಯಾಗುವುದು. ಒಂದೇ ಮುದ್ರೆಯ ಎರಡು ತುಂಡುಗಳು ಬಂದರೆ ಎರಡನೆಯದನ್ನು ಮತ್ತೆ ಬರೆದಿಡದೆ ಮೊದಲನೆಯದನ್ನೇ ಬೆರಳುಮಾಡಿ ತೋರಿಸುವ ಮಿತವ್ಯಯವನ್ನೂ ಕೆಲವು ವ್ಯವಸ್ಥೆಗಳು ಪಾಲಿಸುತ್ತವೆ. ಇನ್ನೊಂದು ಕಡೆಯಲ್ಲಿ, ಡಿಸ್ಕುಗಳು ಕೆಟ್ಟುಹೋಗುವುದು ನಿತ್ಯದ ಮಾತಾದುದರಿಂದ, ಇದ್ದುದಕ್ಕಿಂತ ಹೆಚ್ಚನ್ನು ಬರೆದಿಡುವ ಔದಾರ್ಯವೂ ಅನಿವಾರ್ಯ. ತನ್ನ ಪದ್ಧತಿಯನ್ನು ಬಹಿರಂಗವಾಗಿ ವಿವರಿಸಿರುವ ಬ್ಯಾಕ್‌ಬ್ಲೇಜ್ ಎಂಬ ಸಂಸ್ಥೆಯು ಒಂದು ಕಡತವನ್ನು 17 ಭಾಗಗಳಾಗಿ ಒಡೆದು, ರೀಡ್ ಮತ್ತು ಸಾಲಮನ್ ಎಂಬ ಗಣಿತಜ್ಞರ ಸೂತ್ರದಿಂದ ಇನ್ನು 3 ಭಾಗಗಳನ್ನು ಹುಟ್ಟಿಸಿ, ಇಪ್ಪತ್ತನ್ನೂ ಇಪ್ಪತ್ತು ಬೇರೆ ಯಂತ್ರಗಳಲ್ಲಿ ಇರಿಸುತ್ತದೆ. ಯಾವ ಮೂರು ನಾಶವಾದರೂ ಉಳಿದ ಹದಿನೇಳರಿಂದ ಮೂಲವು ಪುನಃ ಕೈಗೆ ಬರುವುದು.

ಹೀಗಿರುವಲ್ಲಿ, 4 ಎಂಬಿಯ ಒಂದು ಚಿತ್ರವು ಡಿಸ್ಕಿನ ಮೇಲೆ ವಾಸ್ತವದಲ್ಲಿ ಆಕ್ರಮಿಸುವ ಸ್ಥಳವು 4 ಎಂಬಿಗಿಂತ ಹೆಚ್ಚಾಗಿರಬಹುದು, ಅಥವಾ ಹೊಸದಾಗಿ ಏನೂ ಇಲ್ಲದಿರಬಹುದು. ಆದರೂ ನಮ್ಮ ಲೆಕ್ಕದಲ್ಲಿ ಕಳೆಯುವುದು 4 ಎಂಬಿಯೇ. ನಮಗೆ ವಿಧಿಸಿರುವ ಮಿತಿಯು ಡಿಸ್ಕಿನ ಅಳತೆಯಲ್ಲ, ಕರಣಿಕನ ಕಡತದಲ್ಲಿಯ ಒಂದು ಅಂಕೆ. ಎಂದಮೇಲೆ, ಹಂಚಿಕೊಂಡ ಫೋಲ್ಡರಿನ ಭಾರವು ಯಾರ ಮೇಲೆ ಎಂಬ ಪ್ರಶ್ನೆಗೆ ಉತ್ತರವನ್ನು ಯಂತ್ರಶಾಸ್ತ್ರದಲ್ಲಿ ಹುಡುಕುವುದು ವ್ಯರ್ಥ. ನಮ್ಮ ಕಡೆ ಹೊಲವನ್ನು ಯಾರೇ ಲಾವಣಿಗೆ ಹಾಕಿಕೊಂಡಿರಲಿ, ಉತಾರದಲ್ಲಿ (ಪಹಣಿಯಲ್ಲಿ) ಯಾರ ಹೆಸರಿದೆಯೋ ಅವನ ಮನೆಗೇ ತಲಾಠಿಯ ಮಾತು ಬರುವಂತೆ, ಇಲ್ಲಿಯೂ ಕೇಳಬೇಕಾದುದು ಹೆಸರನ್ನೇ.

ಈ ಹೆಸರು ಬರೆಯುವ ಕ್ರಮವು ಎಲ್ಲೆಡೆಯೂ ಒಂದಲ್ಲ. ಗೂಗಲ್ ಡ್ರೈವಿನ ವೈಯಕ್ತಿಕ ಖಾತೆಗಳಲ್ಲಿ ಫೋಲ್ಡರ್ ಯಾರದೇ ಇರಲಿ, ಕಡತವನ್ನು ಏರಿಸಿದವನೇ ಅದರ ಒಡೆಯ, ಭಾರವೂ ಅವನದೇ. ಅವನಿಗಿರುವ ಉಚಿತ 15 ಜಿಬಿಯಾದರೋ ಜಿಮೇಲ್ ಮತ್ತು ಫೋಟೋಸ್‌ಗೂ ಸೇರಿಯೇ ಲೆಕ್ಕ. ಮೈಕ್ರೋಸಾಫ್ಟಿನ ಒನ್‌ಡ್ರೈವಿನಲ್ಲಿ ಅತಿಥಿಗಳು ತಂದು ಹಾಕಿದುದೂ ಫೋಲ್ಡರಿನ ಯಜಮಾನನ ಪಾಲಿಗೆ ಬರುವುದು. ಡ್ರಾಪ್‌ಬಾಕ್ಸಿನ ವೈಯಕ್ತಿಕ ಖಾತೆಗಳ ರೀತಿ ಎಲ್ಲಕ್ಕಿಂತ ವಿಚಿತ್ರ: ಹಂಚಿಕೊಂಡ ಫೋಲ್ಡರಿನ ಪೂರ್ಣ ಗಾತ್ರವು ಅದನ್ನು ಸೇರಿದ ಪ್ರತಿಯೊಬ್ಬನ ಲೆಕ್ಕದಲ್ಲಿಯೂ ಇಡಿಯಾಗಿ ಕಳೆಯುವುದು. ಉಚಿತ ಖಾತೆಗೆ ಅಲ್ಲಿರುವುದು 2 ಜಿಬಿ ಮಾತ್ರವಾದುದರಿಂದ, ಐವರಲ್ಲಿ ಒಬ್ಬನು 3 ಜಿಬಿಯ ಫೋಲ್ಡರನ್ನು ಪ್ರೀತಿಯಿಂದ ಹಂಚಿದರೆ ಉಚಿತ ಖಾತೆಯ ನಾಲ್ವರಿಗೂ ಒಳಗೆ ಪ್ರವೇಶವೇ ಇಲ್ಲ. ಮೃಗೇಶವರ್ಮನ ಕರಣಿಕನು ಈ ನ್ಯಾಯವನ್ನು ಹಿಡಿದಿದ್ದರೆ, ಅದೇ 33 ನಿವರ್ತನಗಳು ಮೂರು ಸಂಘಗಳ ಲೆಕ್ಕದಲ್ಲಿ ಸೇರಿ 99 ಆಗುತ್ತಿದ್ದವು! ಆದರೂ ಇದನ್ನು ಅನ್ಯಾಯವೆಂದು ಒಮ್ಮೆಲೇ ಹೇಳಲಾರೆ. ಮೂಲತಃ ಆ ಸೇವೆಯು ಪ್ರತಿಯೊಬ್ಬನ ಗಣಕದಲ್ಲಿಯೂ ಫೋಲ್ಡರಿನ ನಿಜಪ್ರತಿಯೊಂದನ್ನು ಇಳಿಸಿ ಸದಾ ಸರಿಜೋಡಿಯಾಗಿ ಇಡುವ ಉದ್ದೇಶದಿಂದ ಹುಟ್ಟಿದುದು.

ಹಲಸಿಯ ಸಾಮಗ್ರಿಯನ್ನೇ ತೂಗಿ ನೋಡೋಣ. ಯುನಿಕೋಡಿನ ರೂಢಿಯ ಬರೆವಣಿಗೆಯಲ್ಲಿ ಕನ್ನಡದ ಪ್ರತಿ ಚಿಹ್ನೆಗೂ 3 ಬೈಟುಗಳು ಬೇಕು. ‘ಹಲಸಿ’ಯೆಂಬ ಮಾತಿನಲ್ಲಿ ಹ, ಲ, ಸ ಮತ್ತು ಗುಡಿಸು ಸೇರಿ ನಾಲ್ಕು ಚಿಹ್ನೆಗಳಿರುವುದರಿಂದ ಅದರ ತೂಕ 12 ಬೈಟು. ಒಂದು ತಾಮ್ರಪಟದ ಪಾಠವು ಕನ್ನಡ ಲಿಪಿಯಲ್ಲಿ ಸಾವಿರ ಚಿಹ್ನೆಗಳಷ್ಟಿದ್ದರೂ 3000 ಬೈಟು. ಅದೇ ಪಟದ ಸಾಧಾರಣ ಛಾಯಾಚಿತ್ರವು 4 ಎಂಬಿ, ಎಂದರೆ ಪಾಠಕ್ಕಿಂತ ಸಾವಿರದ ಮುನ್ನೂರು ಪಟ್ಟು ಅಧಿಕ. 15 ಜಿಬಿಯಲ್ಲಿ ಇಂಥ ಚಿತ್ರಗಳು 3750 ಹಿಡಿದಾವು. ಕ್ಯಾಮರಾದವರು ಮೆಚ್ಚುವ, ಒಂದೊಂದೂ 25 ಎಂಬಿ ತೂಗುವ ಕಚ್ಚಾ ರೂಪದ ಚಿತ್ರಗಳಾದರೆ 600ಕ್ಕೇ ಮುಗಿಯಿತು. ವೀಡಿಯೋದ ಮಾತನ್ನು ಎತ್ತದಿರುವುದೇ ಲೇಸು. ಅಕ್ಷರವು ಇಷ್ಟು ಹಗುರವಾಗಿಯೂ ಚಿತ್ರವು ಇಷ್ಟು ಭಾರವಾಗಿಯೂ ಇರುವುದರಿಂದ, ಪಾಠವನ್ನು ಎಲ್ಲರ ಖಾತೆಯಲ್ಲಿಯೂ ನಕಲುಮಾಡಿ ಇಟ್ಟುಕೊಂಡು ಚಿತ್ರವನ್ನು ಮಾತ್ರ ಒಂದೆಡೆ ಇಡುವುದು ನನಗೆ ತೋರಿದ ವಿವೇಕ. ಲಿಂಕಿಗೂ ಶಾರ್ಟ್‌ಕಟ್ಟಿಗೂ ಜಾಗ ತಗಲುವುದಿಲ್ಲ. ನಕಲು ತೆಗೆದೊಡನೆ ತೆಗೆದವನ ಖಾತೆಗೆ ಭಾರ ಬೀಳುವುದು. ಗೂಗಲ್ ಡ್ರೈವಿನಲ್ಲಿ ಅಳಿಸಿದುದೂ ಕಸದಬುಟ್ಟಿಯಲ್ಲಿರುವ 30 ದಿನ ಲೆಕ್ಕದಲ್ಲಿಯೇ ಇರುವುದರಿಂದ, ಅವಸರವಿದ್ದವರು ಬುಟ್ಟಿಯನ್ನು ತಾವೇ ಬರಿದುಮಾಡಬೇಕು.

ಒಡೆತನದ ಪ್ರಶ್ನೆಯು ತೀಕ್ಷ್ಣವಾಗುವುದು ಒಡೆಯನು ಹೊರಟುಹೋದಾಗ. ಯುವರಾಜನಾಗಿದ್ದ ಕದಂಬ ಕಾಕುಸ್ಥವರ್ಮನು ತನ್ನನ್ನು ಕಾಪಾಡಿದ ಸೇನಾಪತಿ ಶ್ರುತಕೀರ್ತಿಗೆ ಖೇಟಗ್ರಾಮದ ಹೊಲವನ್ನಿತ್ತ ಸಂಗತಿಯು ಹಲಸಿಯ ಒಂದು ಶಾಸನದಲ್ಲಿದ್ದರೆ, ಆ ಶ್ರುತಕೀರ್ತಿಯ ಸಂತತಿಯವರ ಹೆಸರುಗಳೂ ಅದೇ ಊರಿನ ಮಾತೂ ಮುಂದಿನ ಅರಸರ ಕಾಲದ ಶಾಸನದಲ್ಲಿ ಮತ್ತೆ ಬರುತ್ತವೆ. ಆಳು ಬದಲಾದಾಗ ಪತ್ರವನ್ನು ಹೊಸದಾಗಿ ಬರೆಸುವ ಎಚ್ಚರಿಕೆ ಅವರಿಗಿದ್ದಿತು. ಈಗಿನ ಕಚೇರಿಗಳಲ್ಲಿ ಈ ಎಚ್ಚರಿಕೆ ಕಡಮೆ. ಗುಮಾಸ್ತನೊಬ್ಬನು ತನ್ನ ಸ್ವಂತ ಖಾತೆಯಲ್ಲಿ ತೆರೆದ ಫೋಲ್ಡರಿನಲ್ಲಿ ಹತ್ತು ವರ್ಷದ ದಾಖಲೆ ಕೂಡಿಬಿದ್ದು, ಅವನು ನಿವೃತ್ತನಾಗಿ, ಖಾತೆಯನ್ನು ಮರೆತು ಎರಡು ವರ್ಷ ಮುಟ್ಟದಿದ್ದರೆ, ಅಂಥ ಖಾತೆಯನ್ನು ಅಳಿಸುವ ಅಧಿಕಾರವನ್ನು ಗೂಗಲ್ ತನ್ನ ಬಳಿ ಇರಿಸಿಕೊಂಡಿದೆ. ಸಂಸ್ಥೆಗಳಿಗಾಗಿ ಇರುವ ‘ಶೇರ್ಡ್ ಡ್ರೈವ್’ನಲ್ಲಿ ಕಡತದ ಒಡೆತನವು ವ್ಯಕ್ತಿಗಲ್ಲ, ತಂಡಕ್ಕೆ. ಆದರೆ ಆ ಔದಾರ್ಯಕ್ಕೂ ಈಗ ಮೇರೆ ಬಂದಿದೆ: ಅಳತೆಯಿಲ್ಲದೆ ಜಾಗ ಕೊಡುತ್ತಿದ್ದ ಗೂಗಲ್, 2022ರಿಂದ ಒಂದು ವಿದ್ಯಾಸಂಸ್ಥೆಗೆಲ್ಲ ಸೇರಿ ಮೂಲದಲ್ಲಿ 100 ಟಿಬಿ ಎಂದು ಗೊತ್ತುಮಾಡಿತು, 2023ರಲ್ಲಿ ಡ್ರಾಪ್‌ಬಾಕ್ಸ್ ಕೂಡ ಸಂಸ್ಥೆಗಳಿಗೆ ಕೊಡುತ್ತಿದ್ದ ಮಿತಿಯಿಲ್ಲದ ಯೋಜನೆಯನ್ನು ಹಿಂತೆಗೆದುಕೊಂಡಿತು. ದಾನ ಕೊಡುವಾಗಲೇ ಇಷ್ಟು ನಿವರ್ತನವೆಂದು ಅಳೆದು ಕೆತ್ತಿಸಿದ ಕದಂಬರೇ ವಾಸಿ ಎನಿಸುವುದಿಲ್ಲವೇ?

ನಮ್ಮ ಹುಡುಗನು ಮದುವೆಯ ವೀಡಿಯೋಗಳನ್ನು ಹಾರ್ಡ್ ಡಿಸ್ಕಿಗೆ ಇಳಿಸಿ, ಕಸದಬುಟ್ಟಿಯನ್ನೂ ಬರಿದುಮಾಡಿ, ಅದೇ ರಾತ್ರಿ ಹಲಸಿಯ ಕಂಬಗಳನ್ನೆಲ್ಲ ಏರಿಸಿದನು. ಅಷ್ಟಾದಮೇಲೆ, ಎಲ್ಲ ಚಿತ್ರಗಳ ಒಡೆತನವೂ ಒಂದೇ ಹೆಸರಿಗಿರಲೆಂದು ತನ್ನವನ್ನು ಅಧ್ಯಾಪಕರಿಗೆ ವಹಿಸಿಕೊಡುವ ಕೋರಿಕೆಯನ್ನು ಕಳಿಸಿದ್ದಾನೆ. ಅವರು ಒಪ್ಪಿಗೆಯ ಗುಂಡಿ ಒತ್ತಿದ ಹೊರತು ಒಡೆತನ ಬದಲಾಗದು. ಮೂರು ವಾರವಾಯಿತು; ಅವರಿನ್ನೂ ಆ ಮಿಂಚಂಚೆಯನ್ನು ತೆರೆದಿಲ್ಲ.