ಒಂದು ಗೀರಿನಲ್ಲಿ ಎಂಬತ್ತು ವಾದ್ಯ

ಆರ್ಕೆಸ್ಟ್ರಾ ಎಂದ ಕೂಡಲೇ ಶಿಕಾರಿಪುರ, ಸೊರಬದ ಕಡೆಯವರಿಗೆ ನೆನಪಾಗುವುದು ಗಣಪತಿ ಪೆಂಡಾಲು, ಬಣ್ಣದ ಬಲ್ಬು, ಕೀಬೋರ್ಡು, ಸಿನಿಮಾ ಹಾಡು. ಈ ಅಧ್ಯಾಯದ ಆರ್ಕೆಸ್ಟ್ರಾ ಅದಲ್ಲ. ಸಿಂಫನಿ ಆರ್ಕೆಸ್ಟ್ರಾದಲ್ಲಿ ಅರವತ್ತರಿಂದ ನೂರು ಜನ ಕೂರುತ್ತಾರೆ. ಅರ್ಧಕ್ಕೂ ಹೆಚ್ಚು ಮಂದಿಯ ಕೈಯಲ್ಲಿ ಪಿಟೀಲು ಮತ್ತು ಅದರ ಅಣ್ಣಂದಿರಾದ ವಿಯೋಲ, ಚೆಲ್ಲೊ, ಡಬಲ್ ಬಾಸ್. ಉಳಿದವರದು ಕೊಳಲು, ಕಹಳೆ, ನಗಾರಿಗಳ ವಂಶ. ಎಲ್ಲರ ಮುಂದೆಯೂ ಬರೆದಿಟ್ಟ ಸ್ವರಲಿಪಿ. ಎದುರು ನಿಂತು ಕೋಲಾಡಿಸುವವನು ಕಂಡಕ್ಟರ್. ಅವನು ಟಿಕೆಟ್ ಕೊಡುವುದಿಲ್ಲ, ಆದರೆ ಯಾರು ಎಲ್ಲಿ ಹತ್ತಬೇಕು, ಎಲ್ಲಿ ಇಳಿಯಬೇಕು ಎಂಬುದು ಅವನ ಕೈಯಲ್ಲೇ ಇದೆ. ಸಾಮಾನ್ಯವಾಗಿ ನಾಲ್ಕು ಭಾಗಗಳಿರುವ ದೊಡ್ಡ ಕೃತಿ ಸಿಂಫನಿ. ಒಬ್ಬ ವಾದಕ ಮುಂದೆ ಕೂತು ಇಡೀ ಮೇಳದೊಡನೆ ಸವಾಲು ಜವಾಬು ನಡೆಸಿದರೆ ಅದು ಕಾನ್ಚೆರ್ಟೊ. ವ್ಯಾಖ್ಯೆ ಇಷ್ಟು ಸಾಕು.

ಈಸೂರಿನಲ್ಲಿ ಒಮ್ಮೆ ಮಕ್ಕಳ ಮುಂದೆ ಹಳೆಯ ಗ್ರಾಮಫೋನ್ ಇಟ್ಟುಕೊಂಡು ಇದನ್ನೆಲ್ಲ ಹೇಳುತ್ತಿದ್ದೆ. ಹಿಂದಿನ ಸಾಲಿನಿಂದ ಒಬ್ಬ ಹುಡುಗ ಎದ್ದು ಬಂದು ತಿರುಗುವ ತಟ್ಟೆಗೆ ಮೂಗು ತಾಗುವಷ್ಟು ಬಗ್ಗಿ ನೋಡಿದ. ‘ಸಾರ್, ಮುಳ್ಳು ಒಂದೇ ಐತಲ್ಲ. ಅಷ್ಟೂ ಜನ ಬಾರಿಸಿದ್ದು ಅದ್ರಾಗೆ ಹೆಂಗೆ ಹಿಡೀತದೆ?’

ಊರೂರಲ್ಲಿ ಈ ಪಾಠ ಮಾಡಿದ್ದೇನೆ. ಓದಿದವರೂ ಎಡವುವ ಜಾಗ ಇದೇ. ಆದರೆ ಅವರು ಕೇಳುವುದಿಲ್ಲ, ಗೊತ್ತಿದ್ದವರಂತೆ ತಲೆಯಾಡಿಸುತ್ತಾರೆ. ಅನೇಕರು ಮನಸ್ಸಿನಲ್ಲಿ ಇಟ್ಟುಕೊಂಡಿರುವ ಚಿತ್ರ ಇದು: ತಟ್ಟೆಯ ಮೇಲೆ ನೂರಾರು ಗೀರುಗಳಿವೆ, ಪಿಟೀಲಿಗೊಂದು, ಕೊಳಲಿಗೊಂದು. ಅದು ತಪ್ಪು. ತಟ್ಟೆಯ ಒಂದು ಮುಖದಲ್ಲಿ ಇರುವುದು ಒಂದೇ ಗೀರು. ಅಂಚಿನಲ್ಲಿ ಹೊರಟು ಸುತ್ತಿ ಸುತ್ತಿ ನಡುವಿಗೆ ಬಂದು ನಿಲ್ಲುತ್ತದೆ. ಹನ್ನೆರಡು ಇಂಚಿನ ಹಳೆಯ ತಟ್ಟೆಯಲ್ಲಿ ನಾಲ್ಕು ನಿಮಿಷದ ಗೀರನ್ನು ಬಿಚ್ಚಿ ಉದ್ದಕ್ಕೆ ಚಾಚಿದರೆ ಹತ್ತಿರ ಹತ್ತಿರ 200 ಮೀಟರ್ ಆಗುತ್ತದೆ. ಭೂತಗನ್ನಡಿ ಹಿಡಿದರೆ ಆ ಗೀರು ನೇರವಾಗಿಲ್ಲ, ಹಾವು ಹರಿದಂತೆ ಎಡಕ್ಕೂ ಬಲಕ್ಕೂ ಕೊಂಕಿದೆ ಎಂದು ಕಾಣುತ್ತದೆ. ಆ ಕೊಂಕೇ ಸಂಗೀತ.

ಹುಡುಗನಿಗೆ ನಾನು ಕೊಟ್ಟ ಉದಾಹರಣೆ ಶಿರಾಳಕೊಪ್ಪದ ಬಸ್ಸಿನದು. ತಿರುವು ಬಂದಾಗ ನೀನು ಪಕ್ಕದವನ ಮೇಲೆ ವಾಲುತ್ತೀ, ಮತ್ತೆ ಈಚೆಗೆ ವಾಲುತ್ತೀ. ಅದು ನಿಧಾನದ ಅಲುಗಾಟ. ಅದೇ ಹೊತ್ತಿಗೆ ಇಂಜಿನ್ನಿನ ನಡುಕಕ್ಕೆ ಮೊಣಕಾಲು ಗಡಗಡ ಅನ್ನುತ್ತದೆ. ಅದು ವೇಗದ ಅಲುಗಾಟ. ಮೈ ಒಂದೇ, ಆದರೂ ಎರಡು ಅಲುಗಾಟವೂ ಅದರಲ್ಲಿ ಸೇರಿವೆ, ಒಂದು ಇನ್ನೊಂದನ್ನು ಅಳಿಸುವುದಿಲ್ಲ. ಗೀರಿನಲ್ಲೂ ಹಾಗೆಯೇ. ಡಬಲ್ ಬಾಸ್ ಸೆಕೆಂಡಿಗೆ ನೂರು ಸಲ ಕಂಪಿಸಿದರೆ ಅದು ದೊಡ್ಡ ವಾಲಾಟ. ಕೊಳಲು ಸೆಕೆಂಡಿಗೆ ಸಾವಿರ ಸಲ ಕಂಪಿಸಿದರೆ, ಆ ವಾಲಾಟದ ಮೈಮೇಲೇ ಏಳುವ ಸಣ್ಣ ನಡುಕ. ಎಂಬತ್ತು ವಾದ್ಯಗಳ ಅಲುಗಾಟಗಳು ಕೂಡಿಕೊಂಡು ಕೊನೆಗೆ ಒಂದೇ ಕೊಂಕು ಗೆರೆ ಉಳಿಯುತ್ತದೆ. ಮುಳ್ಳು ಆ ಗೆರೆಯನ್ನು ಹಿಡಿದು ನಡೆಯುತ್ತದೆ, ಅಷ್ಟೇ. ಅದಕ್ಕೆ ಪಿಟೀಲೂ ಗೊತ್ತಿಲ್ಲ, ಕೊಳಲೂ ಗೊತ್ತಿಲ್ಲ.

‘ಮತ್ತೆ ನಮಗೆ ಬೇರೆಬೇರೆಯಾಗಿ ಹೆಂಗೆ ಕೇಳ್ತದೆ?’ ಹುಡುಗ ಬಿಡಲಿಲ್ಲ.

ಸಿಂಫನಿ ಬೇಡ, ಜಾತ್ರೆಯನ್ನೇ ನೆನಪು ಮಾಡಿಕೊಳ್ಳಿ. ಡೊಳ್ಳು ಬಡಿಯುತ್ತಿದೆ, ತಾಳ ಕುಟ್ಟುತ್ತಿದೆ, ಬತ್ತಾಸಿನ ಅಂಗಡಿಯವನು ಕೂಗುತ್ತಿದ್ದಾನೆ, ಅವ್ವ ಹೆಸರು ಹಿಡಿದು ಕರೆಯುತ್ತಿದ್ದಾಳೆ. ಇಷ್ಟೂ ಸದ್ದು ನಿಮ್ಮ ಕಿವಿಯೊಳಗೆ ಹೋಗುವುದು ಒಂದೇ ತೊಗಲಿನ ಮೂಲಕ. ಪಠ್ಯಪುಸ್ತಕ ಅದನ್ನು ಕಿವಿತಮಟೆ ಎನ್ನುತ್ತದೆ, ಇಂಥ ಒಳ್ಳೆಯ ಹೆಸರು ಕೊಟ್ಟವರಿಗೆ ನಮಸ್ಕಾರ. ಆ ತಮಟೆಯೂ ಮುಳ್ಳಿನಂತೆಯೇ, ಒಂದು ಗಳಿಗೆಯಲ್ಲಿ ಒಂದೇ ಜಾಗದಲ್ಲಿರಬಲ್ಲದು. ಅಂದರೆ ರೆಕಾರ್ಡು ಹೊಸದಾಗಿ ಏನನ್ನೂ ಕಲಸಿಲ್ಲ, ನಿಜವಾದ ಸಂಗೀತವೂ ನಮ್ಮ ಕಿವಿಗೆ ಬರುವುದು ಕಲಸಿಕೊಂಡೇ. ಬಿಡಿಸುವ ಕೆಲಸ ಒಳಗಿನದು. ಬಸವನಹುಳುವಿನ ಚಿಪ್ಪಿನಂತೆ ಸುರುಳಿ ಸುತ್ತಿದ ಕಾಕ್ಲಿಯ ಎಂಬ ಅಂಗ ಅಲ್ಲಿದೆ. ಬಿಡಿಸಿದರೆ ಸುಮಾರು ಮೂರೂವರೆ ಸೆಂಟಿಮೀಟರ್. ಅದರೊಳಗಿನ ಪೊರೆ ಬಾಗಿಲ ಬಳಿ ಬಿಗಿಯಾಗಿದೆ, ತುದಿಯಲ್ಲಿ ಸಡಿಲವಾಗಿದೆ. ವೇಗದ ಕಂಪನಕ್ಕೆ ಬಾಗಿಲ ಕಡೆ ಅಲುಗುತ್ತದೆ, ನಿಧಾನದ ಕಂಪನಕ್ಕೆ ತುದಿಯ ಕಡೆ. ಇದನ್ನು ತೋರಿಸಿಕೊಟ್ಟ ಗೆಯೋರ್ಗ್ ಫಾನ್ ಬೆಕೆಶಿಗೆ 1961ರಲ್ಲಿ ನೊಬೆಲ್ ಬಂತು. ಆಮೇಲಿನದು ಮಿದುಳಿನ ಪಾಲು. ಒಟ್ಟಿಗೆ ಶುರುವಾಗಿ ಒಟ್ಟಿಗೆ ನಡುಗುವ ಕಂಪನಗಳನ್ನೆಲ್ಲ ಅದು ಒಂದು ಕಟ್ಟು ಮಾಡಿ, ‘ಇದು ಪಿಟೀಲು’ ಎಂದು ಹೆಸರಿಡುತ್ತದೆ. ಕಾಳು ಕಲಸಿ ಕೊಟ್ಟರೆ ಮೊರದಲ್ಲಿ ಕೇರಿ ಬೇರೆ ಮಾಡುವ ಅಜ್ಜಿಯ ಕೆಲಸ.

ಈಗ ತಟ್ಟೆಯ ವಿಷಯ. ಅದರ ಜೀವವಸ್ತು ಶೆಲ್ಯಾಕ್, ಅಂದರೆ ಅರಗು. ಮರದ ಮೇಲಿನ ಅರಗಿನ ಹುಳು ಸ್ರವಿಸುವ ಅಂಟು. ಚನ್ನಪಟ್ಟಣದ ಗೊಂಬೆಗೆ ಹೊಳಪು ಕೊಡುವುದೂ ಅದೇ. ಜಗತ್ತಿಗೆ ಅದು ಹೋಗುತ್ತಿದ್ದುದು ಹೆಚ್ಚಾಗಿ ಭಾರತದಿಂದಲೇ. ಬೀಥೋವನ್‌ನನ್ನು ಲಂಡನ್ನಿನವರು ಕೇಳಿದ್ದೂ ನಮ್ಮ ಕಾಡಿನ ಹುಳುವಿನ ದಯೆಯಿಂದ! ಅರಗಿಗೆ ಕಲ್ಲಿನ ಪುಡಿ ಬೆರೆಸಿ ಅಚ್ಚು ಒತ್ತುತ್ತಿದ್ದರು. ನಿಮಿಷಕ್ಕೆ 78 ಸುತ್ತು. ಒಂದು ಮುಖಕ್ಕೆ ನಾಲ್ಕು, ನಾಲ್ಕೂವರೆ ನಿಮಿಷ.

ಸಿನಿಮಾ ಹಾಡಿಗೆ ಅಷ್ಟು ಧಾರಾಳವಾಯಿತು. ಮೂವತ್ತೈದು ನಿಮಿಷದ ಕಾನ್ಚೆರ್ಟೊಗೆ? ಎಂಟೊಂಬತ್ತು ತುಂಡು ಮಾಡಬೇಕು. ರೆಕಾರ್ಡು ಎಂದರೆ ಒಂದು ಸಂಜೆಯ ಕಛೇರಿಯ ಫೋಟೋ ಎಂದು ತಿಳಿದವರು ಇಲ್ಲಿ ಸ್ವಲ್ಪ ನಿಲ್ಲಬೇಕು. ಗೀರು ಮೊದಲು ಮೂಡುತ್ತಿದ್ದುದು ಮೇಣದ ತಟ್ಟೆಯಲ್ಲಿ, ಅರಗಿನ ತಟ್ಟೆ ಅದರಿಂದ ತೆಗೆದ ಅಚ್ಚಿನದು. ಮೇಳ ನಾಲ್ಕು ನಿಮಿಷ ಬಾರಿಸಿ ನಿಲ್ಲುತ್ತಿತ್ತು. ಹೊಸ ಮೇಣದ ತಟ್ಟೆ ಏರಿಸಿದ ಮೇಲೆ ಬಿಟ್ಟ ಸ್ವರದಿಂದ, ಬಿಟ್ಟ ಲಯದಲ್ಲೇ ಮುಂದುವರಿಯಬೇಕು. ಕೊನೆಯ ಐದು ಸೆಕೆಂಡಿನಲ್ಲಿ ಒಂದು ಕಹಳೆಯ ಸ್ವರ ಒಡೆದರೆ ಇಡೀ ಮುಖ ಮೊದಲಿಂದ. ಕತ್ತರಿಸಿ ಅಂಟಿಸಲು ಅದು ಟೇಪಲ್ಲ. ಚೆನ್ನಾಗಿ ಬಂತೇ ಎಂದು ಮೇಣವನ್ನೇ ಬಾರಿಸಿ ನೋಡಿದರೆ ಗೀರು ಕೆಟ್ಟು, ಅಚ್ಚಿಗೆ ಬರದಂತಾಗುತ್ತಿತ್ತು.

ಇಂಥ ತಾಪತ್ರಯದ, ದುಬಾರಿಯ ಕೆಲಸಕ್ಕೆ ಎರಡನೆಯ ಮಹಾಯುದ್ಧ ಮುಗಿದ ಬಳಿಕ ಲಂಡನ್ನಿಗೆ ಹಣ ಹೋದದ್ದು ಮೈಸೂರಿನಿಂದ. ಜಯಚಾಮರಾಜ ಒಡೆಯರಿಗೆ ಪಿಯಾನೊ ವಾದಕರಾಗುವ ಆಸೆಯಿತ್ತು. 1940ರಲ್ಲಿ, ಇಪ್ಪತ್ತೊಂದು ತುಂಬಿದ ಹೊಸತರಲ್ಲಿ, ಪಟ್ಟ ಬಂತು. ಆಸೆ ಕೇಳುವುದರ ಕಡೆ ಹೊರಳಿತು. ರಷ್ಯಾ ಬಿಟ್ಟು ಲಂಡನ್ನಿನಲ್ಲಿ ನೆಲೆಸಿದ್ದ, ವಯಸ್ಸಾದ, ಹೃದಯದ ಕಾಯಿಲೆಯ ನಿಕೊಲಾಯ್ ಮೆಟ್ನರ್ ಎಂಬ ಸಂಗೀತಗಾರನನ್ನು ಜನ ಹೆಚ್ಚೂಕಮ್ಮಿ ಮರೆತಿದ್ದರು. ಅವನ ಕೃತಿಗಳನ್ನು ಅವನ ಕೈಯಿಂದಲೇ ಬಾರಿಸಿ ಮುದ್ರಿಸಲೆಂದು ಮಹಾರಾಜರು ಮೆಟ್ನರ್ ಸೊಸೈಟಿ ಕಟ್ಟಿಸಿದರು. ರೆಕಾರ್ಡು ನಿರ್ಮಾಪಕ ವಾಲ್ಟರ್ ಲೆಗ್ 1945ರಲ್ಲಿ ಹುಟ್ಟುಹಾಕಿದ್ದ ಫಿಲ್ಹಾರ್ಮೋನಿಯ ಆರ್ಕೆಸ್ಟ್ರಾ ಜೊತೆಗಿತ್ತು. 1947ರಲ್ಲಿ ಮೂರೂ ಪಿಯಾನೊ ಕಾನ್ಚೆರ್ಟೊಗಳು ತಟ್ಟೆಗೆ ಇಳಿದವು. ಮೂರನೆಯದನ್ನು ಮೆಟ್ನರ್ ಮಹಾರಾಜರಿಗೇ ಅರ್ಪಿಸಿದ. 1951ರಲ್ಲಿ ತೀರಿಕೊಂಡ. ನಾಲ್ಕು ವರ್ಷ ತಡವಾಗಿದ್ದರೆ ಆ ಬೆರಳುಗಳ ಕಾನ್ಚೆರ್ಟೊ ನಮಗೆ ಇರುತ್ತಲೇ ಇರಲಿಲ್ಲ.

ಕಂಡಕ್ಟರ್ ಹರ್ಬರ್ಟ್ ಫಾನ್ ಕರಾಯನ್ ಇದೇ ಫಿಲ್ಹಾರ್ಮೋನಿಯ ಜೊತೆ 1949ರಲ್ಲಿ ಬಾಲಕಿರೆವ್‌ನ ಮೊದಲ ಸಿಂಫನಿ ಮುದ್ರಿಸಿದ್ದಕ್ಕೂ ಬೆನ್ನಿಗಿದ್ದದ್ದು ಮೈಸೂರಿನ ಹಣವೇ. 1950ರ ಮೇ 22ರಂದು ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಹಾಡುಗಳ ಮೊದಲ ಪ್ರಯೋಗ ಲಂಡನ್ನಿನಲ್ಲಿ ನಡೆದಾಗ 4,800 ಡಾಲರ್ ಖಾತರಿ ನಿಂತವರೂ ಮಹಾರಾಜರೇ. ಮುದ್ರಣ ತಮಗೆ ಬರಲಿ ಎಂಬುದು ಷರತ್ತು. ದುರದೃಷ್ಟ ನೋಡಿ: 1948ರಲ್ಲಿ ಅಮೆರಿಕಾದಲ್ಲಿ ಇಪ್ಪತ್ತು ನಿಮಿಷ ಮೀರಿ ಓಡುವ ಎಲ್‌ಪಿ ಬಂದೇಬಿಟ್ಟಿತು. ಮೆಟ್ನರನ ಭಾರದ ಅರಗಿನ ತಟ್ಟೆಗಳು ಅಂಗಡಿಗೆ ಬರುವ ಹೊತ್ತಿಗೆ ಅವುಗಳ ಜಾತಿಯೇ ಮುದಿಯಾಗಿತ್ತು.

ಈಸೂರಿನಲ್ಲಿ ಇಷ್ಟು ಹೇಳಿ ನಿಲ್ಲಿಸಿದಾಗ, ಬಾಗಿಲಲ್ಲಿ ನಿಂತಿದ್ದ ಹಿರಿಯರೊಬ್ಬರು ಮೆಲ್ಲಗೆ ಕೇಳಿದರು: ‘ನಮ್ಮೂರ ಐದು ಜನರಿಗೆ ಗಲ್ಲಾದಾಗ ಪಟ್ಟದಾಗಿದ್ದೋರು ಇವರೇ ಅಲ್ವೇನ್ರಿ?’ ಹೌದು. 1942ರಲ್ಲಿ ‘ಏಸೂರು ಕೊಟ್ಟರೂ ಈಸೂರು ಕೊಡೆವು’ ಎಂದು ಸ್ವಾತಂತ್ರ್ಯ ಸಾರಿದ ಈ ಊರು ಮೈಸೂರು ಸಂಸ್ಥಾನದ್ದು. 1943ರ ಮಾರ್ಚ್‌ನಲ್ಲಿ ಆ ಐವರನ್ನು ನೇಣಿಗೇರಿಸಿದಾಗ ಅರಸರು ಜಯಚಾಮರಾಜರೇ. ಆ ದಿನದಿಂದ ಎಲ್ಲಿ ಮೆಟ್ನರನ ಕಥೆ ಹೇಳಿದರೂ ಈ ಮಾತನ್ನು ಸೇರಿಸಿಯೇ ಹೇಳುತ್ತೇನೆ. ಸೇರಿಸದೆ ಹೇಳಿದ್ದ ಹಿಂದಿನ ಪಾಠಗಳು ಈಗ ಕುಂಟೆನಿಸುತ್ತವೆ.

ಓದುಗರಲ್ಲಿ ಒಂದು ಬೇಡಿಕೆ ಇದೆ. ಆ ಮೂರನೆಯ ಕಾನ್ಚೆರ್ಟೊ ಇಂದು ಯೂಟ್ಯೂಬಿನಲ್ಲಿ ಸಿಗುತ್ತದೆ. ಒಮ್ಮೆ ಸುಮ್ಮನೆ ಕೇಳಿ. ಬೇಸರ ಬಂದರೆ ಬರಲಿ, ನನಗೂ ಮೊದಲ ಸಲ ಬಂದಿತ್ತು. ಎರಡನೆಯ ಸಲ ಪಿಯಾನೊ ಬಿಟ್ಟು ಕೆಳಗಿನ ಡಬಲ್ ಬಾಸಿನ ಹಿಂದೆ ಮಾತ್ರ ಹೋಗಿ. ಮೂರನೆಯ ಸಲ ಕಹಳೆಗಳ ಹಿಂದೆ. ಸರಸರ ಸದ್ದು ಅರಗಿನದು, ಅದನ್ನು ಮಳೆ ಎಂದುಕೊಳ್ಳಿ. ಹತ್ತು ಸಲ ಕೇಳುವಷ್ಟರಲ್ಲಿ ಒಂದೇ ಗೆರೆಯಿಂದ ನೀವೇ ಇಡೀ ಮೇಳವನ್ನು ಬಿಡಿಸಿ ಕೂರಿಸಿರುತ್ತೀರಿ. ಆಮೇಲೆ ಭೌತಶಾಸ್ತ್ರದ ಪುಸ್ತಕದಲ್ಲಿ ತರಂಗಗಳ ಪಾಠ ತೆಗೆಯಿರಿ. ಪರೀಕ್ಷೆಗೆ ಓದಿದ್ದ ಅದೇ ಪಾಠ ಬೇರೆಯಾಗಿ ಕಾಣದಿದ್ದರೆ ನನಗೊಂದು ಕಾಗದ ಹಾಕಿ.

ಪೆಟ್ಟಿಗೆ ಮುಚ್ಚುವಾಗ ಆ ಹುಡುಗ ಮತ್ತೆ ಬಂದ. ‘ಎಲ್ಲಾ ಒಂದು ತಮಟೆಯಾಗೇ ಬಿಡಿಸ್ಕೊಳ್ತದೆ ಅಂದ್ರಲ್ಲ ಸಾರ್. ಹಂಗಾದ್ರೆ ಕಿವಿ ಎರಡು ಯಾಕೆ?’

ಅದೇ ಸ್ಟೀರಿಯೊ. ಮುಂದಿನ ಅಧ್ಯಾಯ ಅವನ ಪ್ರಶ್ನೆಯಿಂದಲೇ ಶುರುವಾಗುತ್ತದೆ.