ಒಂದು ಸತುವಿನ ಕಣ, ಸೆಕೆಂಡಿಗೆ ಹತ್ತು ಲಕ್ಷ ಸಲ

ವಿಜಯಪುರದಿಂದ ತಿಕೋಟಾ, ಬಬಲೇಶ್ವರ ಕಡೆ ಹೋದರೆ ದ್ರಾಕ್ಷಿ ತೋಟಗಳು ಕಾಣ್ತವೆ. ಸುಣ್ಣದಂಶ ಹೆಚ್ಚಿರುವ ಕಪ್ಪು ಮಣ್ಣಿನಲ್ಲಿ ಸತು ಇದ್ದರೂ ಬೇರಿಗೆ ಸುಲಭವಾಗಿ ಸಿಗೋದಿಲ್ಲ. ಕೊರತೆಯಾದರೆ ಎಲೆ ಸಣ್ಣದಾಗಿ ಹಳದಿ ಆಗ್ತದೆ, ಆಗ ಜಿಂಕ್ ಸಲ್ಫೇಟ್ ಸಿಂಪಡಿಸ್ತಾರೆ. ಇಷ್ಟು ಚೂರು ಲೋಹಕ್ಕೆ ಎಲೆಯಲ್ಲಿ ಏನು ಕೆಲಸ?

ಹಲವು ಕೆಲಸಗಳಲ್ಲಿ ಒಂದು, ಕಾರ್ಬಾನಿಕ್ ಅನ್‌ಹೈಡ್ರೇಸ್ ಎಂಬ ಕಿಣ್ವವನ್ನು ನಡೆಸೋದು. ನಮ್ಮ ಕೆಂಪು ರಕ್ತಕಣದಲ್ಲೂ ಇದೇ ಹೆಸರಿನ ಕಿಣ್ವ ಇದೆ. ರಚನೆ ಬೇರೆ, ಸತು ಮಾತ್ರ ಎರಡರಲ್ಲೂ ಉಂಟು. ಕಾರ್ಬನ್ ಡೈಆಕ್ಸೈಡನ್ನು ನೀರಿನ ಜೊತೆ ಸೇರಿಸಿ ಬೈಕಾರ್ಬನೇಟ್ ಮಾಡೋದು ಇದರ ಕೆಲಸ. ಕಿಣ್ವ ಇಲ್ಲದಿದ್ದರೆ ಒಂದು ಅಣುವಿಗೆ ಸರಾಸರಿ ಅರ್ಧ ನಿಮಿಷದಷ್ಟು ಬೇಕು. ರಕ್ತ ಸಣ್ಣ ನಾಳದಲ್ಲಿ ಇರೋದೇ ಒಂದೆರಡು ಸೆಕೆಂಡು! ಕಿಣ್ವದ ಒಂದು ಅಣು ಸೆಕೆಂಡಿಗೆ ಸುಮಾರು 10 ಲಕ್ಷ ಸಲ ಈ ಕೆಲಸ ಮುಗಿಸ್ತದೆ.

ಗುಟ್ಟು ಹೀಗಿದೆ. ರಕ್ತದ ಕಿಣ್ವದಲ್ಲಿ ಸತುವನ್ನು ಮೂರು ಹಿಸ್ಟಿಡಿನ್‌ಗಳು ಹಿಡಿದಿರುತ್ತವೆ, ನಾಲ್ಕನೇ ಕಡೆ ಒಂದು ನೀರಿನ ಅಣು. ಸತು ಎಲೆಕ್ಟ್ರಾನನ್ನು ತನ್ನತ್ತ ಎಳೆಯೋದರಿಂದ ಆ ನೀರು ಪಿಎಚ್ 7ರ ಆಸುಪಾಸಿನಲ್ಲೇ ಪ್ರೋಟಾನ್ ಬಿಟ್ಟುಕೊಟ್ಟು ಹೈಡ್ರಾಕ್ಸೈಡ್ ಆಗ್ತದೆ. ಅದು ಕಾರ್ಬನ್ನಿಗೆ ಅಂಟಿದರೆ ಬೈಕಾರ್ಬನೇಟ್ ಸಿದ್ಧ. ಆಮೇಲೆ ಹೊಸ ನೀರು ಬಂದು ಅದನ್ನು ಹೊರಗೆ ತಳ್ಳುತ್ತದೆ.

ಆದರೆ ಅಂಟಿದ ಮೇಲೆ ಹೈಡ್ರೋಜನ್ ಒಂದು ಆಮ್ಲಜನಕದಿಂದ ಇನ್ನೊಂದಕ್ಕೆ ಜಿಗಿಯುತ್ತದಾ, ಅಥವಾ ಇಡೀ ಬೈಕಾರ್ಬನೇಟೇ ತಿರುಗುತ್ತದಾ? ಮೊದಲನೆಯದು ಲಿಪ್ಸ್‌ಕಂಬ್ ಹೇಳಿದ ದಾರಿ, ಎರಡನೆಯದು ಲಿಂಡ್‌ಸ್ಕೋಗ್ ಹೇಳಿದ್ದು. ಇಷ್ಟು ಕ್ಷಣಿಕ ಹೆಜ್ಜೆಯನ್ನು ಪ್ರಯೋಗದಲ್ಲಿ ನೇರವಾಗಿ ನೋಡೋದು ಕಷ್ಟ. ಹಾಗಾಗಿ ಕಂಪ್ಯೂಟರ್.

ಸಾವಿರಾರು ಪರಮಾಣುಗಳ ಕಿಣ್ವಕ್ಕೆಲ್ಲ ಕ್ವಾಂಟಮ್ ಲೆಕ್ಕ ಹಾಕೋದು ತೀರಾ ದುಬಾರಿ. ಸತುವಿನ ಸುತ್ತ ಮಾತ್ರ ಕ್ವಾಂಟಮ್, ಉಳಿದದ್ದು ಸ್ಪ್ರಿಂಗ್ ಮತ್ತು ವಿದ್ಯುದಾವೇಶಗಳ ಸಾದಾ ಲೆಕ್ಕ. ಬಿರುಕಿನ ಹತ್ತಿರ ಮಾತ್ರ ಮೆಶ್ ಸಣ್ಣದು ಮಾಡ್ತೀವಲ್ಲ, ಹಾಗೇ ನೋಡ್ರಿ. ಇಂಥ ಬಹುಸ್ತರ ಮಾದರಿಗಳಿಗಾಗಿ ಕಾರ್‌ಪ್ಲಸ್, ಲೆವಿಟ್, ವಾರ್ಷೆಲ್ ಅವರಿಗೆ 2013ರ ರಸಾಯನಶಾಸ್ತ್ರ ನೊಬೆಲ್ ಬಂತು.

ಎಚ್ಚರಿಕೆ ಬೇಕಾದದ್ದು ಇಲ್ಲೇ. ಶಕ್ತಿಯ ತಡೆಯಲ್ಲಿ ಮೋಲಿಗೆ ಸುಮಾರು 6 ಕಿಲೋಜೂಲ್ ತಪ್ಪಿದರೆ ಸಾಕು, ಕೋಣೆಯ ಉಷ್ಣತೆಯಲ್ಲಿ ವೇಗದ ಉತ್ತರ ಹತ್ತು ಪಟ್ಟು ಆಚೀಚೆ. ಮಾದರಿಯಲ್ಲಿ ಒಂದು ನೀರಿನ ಅಣು ಸೇರಿಸಿದರೂ ಅದು ಪ್ರೋಟಾನನ್ನು ದಾಟಿಸಿ ಜಿಗಿತದ ದಾರಿಯನ್ನು ಸುಲಭ ಮಾಡಬಹುದು. ಅಂದರೆ ಯಾವುದನ್ನು ಒಳಗೆ ತಗೊಂಡಿರಿ ಅನ್ನೋದರ ಮೇಲೆ ಉತ್ತರವೇ ಬದಲಾಗಬಹುದು.

ನಾವೂ ಮಾಡಿ ನೋಡಬಹುದು. ಸತು, ಹಿಸ್ಟಿಡಿನ್ ಬದಲು ಮೂರು ಇಮಿಡಜೋಲ್, ಒಂದು ಹೈಡ್ರಾಕ್ಸೈಡ್, ಒಂದು ಕಾರ್ಬನ್ ಡೈಆಕ್ಸೈಡ್: ಒಟ್ಟು 33 ಪರಮಾಣು. ಮೊದಲು ಇಷ್ಟಕ್ಕೇ ತಡೆ ಲೆಕ್ಕ ಹಾಕಿ. ಆಮೇಲೆ ಒಂದು ನೀರಿನ ಅಣು ಸೇರಿಸಿ ಮತ್ತೆ ಹಾಕಿ. ಎರಡು ಸಂಖ್ಯೆಗಳ ನಡುವಿನ ಅಂತರ ನೋಡಿದ ಮೇಲೆ, ಸಾಫ್ಟ್‌ವೇರ್ ಕೊಟ್ಟ ಉತ್ತರವನ್ನು ಯಾರೂ ಕಣ್ಣುಮುಚ್ಚಿ ರಿಪೋರ್ಟಿಗೆ ಹಾಕೋದಿಲ್ಲ.