ಕಿರ್ದಿ ಕಾಯುವ ಹೊಸ ಕಸಬು

ಮಗನೋ ಮಗಳೋ ಬ್ಲಾಕ್‌ಚೈನ್ ಉದ್ಯೋಗಕ್ಕೆ ಸೇರುವೆನೆಂದರೆ, ಜೂಜೆಂದು ಬೆದರುವ ತಂದೆತಾಯಿಗಳುಂಟು. ಡಿಜಿಟಲ್ ನಾಣ್ಯದ ಸಟ್ಟಾ ಬೇರೆ, ಈ ಕಸಬು ಬೇರೆ. ಸಾವಿರಾರು ಕಂಪ್ಯೂಟರುಗಳು ಒಂದೇ ಕಿರ್ದಿಯ ಪ್ರತಿಯನ್ನು ಇಟ್ಟುಕೊಂಡಿರುವ ಏರ್ಪಾಡೇ ಬ್ಲಾಕ್‌ಚೈನ್. ಒಮ್ಮೆ ಬರೆದ ಲೆಕ್ಕವನ್ನು ಅಳಿಸುವುದು ಅತಿ ಕಷ್ಟವಾದುದರಿಂದ, ಅಲ್ಲಿ ಸಣ್ಣ ಪ್ರಮಾದಕ್ಕೂ ದೊಡ್ಡ ದಂಡ.

2016ರ ಜೂನ್‌ನಲ್ಲಿ ಈಥೀರಿಯಂ ಜಾಲದ ‘ದಿ ಡಾವೋ’ ಎಂಬ ನಿಧಿಯಿಂದ ಸುಮಾರು 36 ಲಕ್ಷ ಈಥರ್ ನಾಣ್ಯಗಳು ಅಪಹೃತವಾದವು. ಖಾತೆಯಲ್ಲಿ ಕಳೆಯುವ ಮೊದಲೇ ಹಣ ಪಾವತಿಯಾಗುವಂತೆ ಪ್ರೋಗ್ರಾಂ ಬರೆದಿದ್ದುದೇ ಕಾರಣ! ಇಂಥ ದೋಷಗಳನ್ನು ಮುಂಚಿತವಾಗಿ ಹುಡುಕಬಲ್ಲವರಿಗೆ ಇಲ್ಲಿ ಬೆಲೆಯುಂಟು.

ತರುಣರು ಮೊದಲು ಪ್ರೋಗ್ರಾಂ ರಚನೆಯನ್ನೂ ಅನಂತರ ‘ಸಾಲಿಡಿಟಿ’ ಭಾಷೆಯನ್ನೂ ಕಲಿಯಲಿ. ಎಲ್ಲರಿಗೂ ತೆರೆದಿಟ್ಟಿರುವ ಪ್ರೋಗ್ರಾಂಗಳನ್ನು ಓದಿ ತಪ್ಪು ಹುಡುಕಲಿ. ಸಂಬಳವನ್ನು ಮಾತ್ರ ಏರಿಳಿಯುವ ನಾಣ್ಯದಲ್ಲಲ್ಲ, ರೂಪಾಯಿಯಲ್ಲೇ ಕೇಳಲಿ.